ನಾಯಿಯನ್ನು ಯಾರು ನೋಡಿಕೊಳ್ಳುವುದು

ಆ ಭಾನುವಾರ ನಾನು, ನನ್ನ ಅತ್ತೆ, ನನ್ನ ಮಗಳು ಮೂವರೂ ಮಹಡಿಯ ಮೇಲೆ ಬಿಸಿಲಿಗೆ ಕೂತು ಅವರೆಕಾಳು ಹಿತುಕುತ್ತಿದ್ದೆವು. ನೆನೆದ ಕಾಳನ್ನು ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಸಿಪ್ಪೆ ಬಿಟ್ಟು ಹಾರುತ್ತದೆ. ಅತ್ತೆ ಒತ್ತಿದ್ದು ನೇರವಾಗಿ ಪಾತ್ರೆಗೆ ಬೀಳುತ್ತಿತ್ತು. ಮಗಳು ಒತ್ತಿದ್ದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಅದಕ್ಕೇ ನಾಯಿ ಅವಳ ಮುಂದೆಯೇ ಕೂತಿತ್ತು.

ನಮ್ಮ ಮನೆ ಇರುವುದು ಪಟ್ಟಂದೂರು ಅಗ್ರಹಾರದಲ್ಲಿ. ಕೆಳಗೆ ನಾವಿದ್ದೇವೆ. ಮೇಲಿನ ಅಂತಸ್ತುಗಳಲ್ಲಿ ಬಾಡಿಗೆಗೆ ಕೊಟ್ಟ ಸಣ್ಣ ಸಣ್ಣ ಮನೆಗಳು. ಎದುರಿನ ಐಟಿ ಪಾರ್ಕಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರೂ ಅಲ್ಲಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರೂ ಒಂದೇ ಮೆಟ್ಟಿಲು ಹತ್ತಿ ಹೋಗುತ್ತಾರೆ. ನಾಯಿ ಅತ್ತೆಯದು. ಮೋರಿಯ ಪಕ್ಕ ಒದರುತ್ತಿದ್ದ ಮರಿಯನ್ನು ಒಂದು ಮಳೆಗಾಲದಲ್ಲಿ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು. ಹೆಸರಿಡಲಿಲ್ಲ. ಯಾರಾದರೂ ಕೇಳಿದರೆ, "ಇರೋದೊಂದು ನಾಯಿ, ಅದಕ್ಯಾಕೆ ಎಸ್ರು?" ಅನ್ನುತ್ತಿದ್ದರು. "ಬಾರೋ" ಅಂದರೆ ಅದು ಬರುತ್ತಿತ್ತು.

ಅದಕ್ಕೆ ಊಟ ಹಾಕುವುದಕ್ಕೂ ಅವರದೊಂದು ಕ್ರಮವಿತ್ತು. ತಟ್ಟೆಯಲ್ಲಿ ಉಳಿದದ್ದನ್ನು ಹಾಕುತ್ತಿರಲಿಲ್ಲ. ಮುದ್ದೆ ತಟ್ಟೆಗೆ ಬಿದ್ದ ಕೂಡಲೇ ಒಂದು ಭಾಗ ಮುರಿದು, ಆರಿಸಿ, ಸಾರಿನಲ್ಲಿ ಅದ್ದಿ, ಗೇಟಿನ ಒಳಗಿನ ಕಲ್ಲಿನ ಮೇಲೆ ಇಟ್ಟು ಬಂದ ಮೇಲೆಯೇ ತಾವು ತಿನ್ನಲು ಕೂರುತ್ತಿದ್ದರು.

ಆ ದಿನ ನಾವು ಮಾತಾಡುತ್ತಿದ್ದದ್ದು ಈ ನಾಯಿಯ ವಿಷಯವನ್ನೇ. ರಜೆಗೆ ನಾವೆಲ್ಲ ಮುರುಡೇಶ್ವರಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಪ್ರತಿ ವರ್ಷ ಎಲ್ಲಿಗಾದರೂ ಹೋಗುತ್ತಿದ್ದೆವು. ಪ್ರತಿ ವರ್ಷವೂ ಅತ್ತೆ ಉಳಿದುಬಿಡುತ್ತಿದ್ದರು. "ನೀವ್ ಓಗ್ಬನ್ನಿ. ಇದನ್ನ ಯಾರ್ ನೋಡ್ಕತಾರೆ?" ಎಂದು ಒಂದು ಕೈಯಲ್ಲಿ ನಾಯಿಯ ಕೊರಳು ಹಿಡಿದುಕೊಂಡು, ನಮ್ಮ ಕಾರು ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತಿರುತ್ತಿದ್ದರು. ವಾಪಸು ಬಂದಾಗಲೂ ಅಲ್ಲೇ ಇರುತ್ತಿದ್ದರು. ಚೀಲ ಇಳಿಸುವುದಕ್ಕೂ ಬಿಡದೆ, "ಏನೇನ್ ನೋಡುದ್ರಿ, ಏಳ್ರಿ" ಎಂದು ಮೊದಲಿನಿಂದ ಕೊನೆವರೆಗೆ ಹೇಳಿಸಿಕೊಳ್ಳುತ್ತಿದ್ದರು.

ನನಗೆ ಬಹಳ ದಿನಗಳಿಂದ ಒಂದು ಅನುಮಾನವಿತ್ತು. ಅತ್ತೆಗೆ ನಿಜವಾಗಿಯೂ ಬರಲು ಇಷ್ಟವಿಲ್ಲವೋ, ಅಥವಾ ಬರಲು ಇಷ್ಟವಿದ್ದೂ ನಾಯಿಗಾಗಿ, ನಮಗಾಗಿ ಉಳಿಯುತ್ತಿದ್ದಾರೋ? ಕೇಳಿದರೆ ನಕ್ಕು ಬೇರೆ ಮಾತು ತೆಗೆಯುತ್ತಿದ್ದರು. ಹಿಂದಿನ ಸಲ ತಿರುಪತಿಗೆ ಬರುತ್ತೇನೆ ಎಂದು ಒಪ್ಪಿ, ಹೊರಡುವ ಬೆಳಿಗ್ಗೆ ಹಳೇ ಸೀರೆಯಲ್ಲೇ ಬಂದು, "ಮಂಡಿ ನೋವು ಕಣವ್ವ" ಎಂದಿದ್ದರು. ಅವರು ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ. ಈ ಸಲ ಬಿಡುವುದಿಲ್ಲ ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ.

ಮಗಳು ಮೊಬೈಲನ್ನು ಅವರ ಮುಖದ ಹತ್ತಿರ ಹಿಡಿದಳು.

"ಅಜ್ಜಿ, ಇಲ್ನೋಡು. ಮಾರತ್ತಹಳ್ಳಿ ಹತ್ರ ನಾಯಿಗಳ ಹಾಸ್ಟೆಲ್ಲು. ಎಸಿ ರೂಮು. ಸ್ವಿಮ್ಮಿಂಗ್ ಪೂಲೂ ಇದೆ."

"ಸ್ನಾನ ಅಂದ್ರೆ ಮಂಚದ ಕೆಳಗೋಗ್ತದೆ ಇದು. ಈಜಕ್ಕೆ ಬುಟ್ರೆ ದಡದಲ್ಲಿ ನಿಂತ್ಕಂಡು ಬೊಗಳ್ತದೆ. ಊಟಕ್ಕೇನು ಆಕ್ತಾರಂತೆ?"

"ಪ್ಯಾಕೆಟ್ಟಲ್ಲಿ ಬರತ್ತಲ್ಲ, ಗುಂಡುಗುಂಡಗೆ."

"ಕೋಳಿ ಮೇವಾ?"

ನಾನು ಆ ಜಾಗಕ್ಕೆ ಫೋನೂ ಮಾಡಿದ್ದೆ. ನಿಮ್ಮ ನಾಯಿ ಏನು ತಿನ್ನುತ್ತದೆ ಎಂದು ಕೇಳಿದ ಹುಡುಗಿಗೆ ಮುದ್ದೆ ಎಂದೆ. ಅವಳು, "ಅದು ಯಾವ ಬ್ರ್ಯಾಂಡ್ ಮೇಡಂ?" ಎಂದಳು. ಇದನ್ನು ಹೇಳಿದಾಗ ಅತ್ತೆ ಎಷ್ಟು ನಕ್ಕರೆಂದರೆ ಕೈಯಲ್ಲಿದ್ದ ಕಾಳು ಪಾತ್ರೆ ಬಿಟ್ಟು ಹೊರಗೆ ಹೋಯಿತು. ನಾಯಿ ಅದನ್ನೂ ತಿಂದಿತು.

ಮಾದನಾಯಕನಹಳ್ಳಿಯ ನನ್ನ ನಾದಿನಿಯ ಮನೆಯಲ್ಲಿ ಬಿಡೋಣವೆಂದರೆ ಅಲ್ಲೊಂದು ಹುಂಜವಿತ್ತು. ಹಬ್ಬಕ್ಕೆ ಕರೆದುಕೊಂಡು ಹೋಗಿದ್ದಾಗ ಅದು ನಮ್ಮ ನಾಯಿಯನ್ನು ಅಟ್ಟಿಸಿಕೊಂಡು ಹೋಗಿ ಲಾರಿಯ ಕೆಳಗೆ ಕೂರಿಸಿತ್ತು. ನಾಯಿಯನ್ನು ಜೊತೆಗೇ ಕರೆದುಕೊಂಡು ಹೋಗೋಣವೆಂದರೆ, ಆ ಹಬ್ಬದ ದಿನವೇ ಕಂಡಿದ್ದೆವು, ಕಾರು ಹತ್ತಿದ ಕೂಡಲೇ ಅದಕ್ಕೆ ವಾಂತಿ. ಬಾಡಿಗೆಯವರಲ್ಲಿ ಯಾರಿಗಾದರೂ ಹೇಳೋಣ ಎಂದೆ. ಅತ್ತೆ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡುತ್ತ, "ಬುಡು. ಅದ್ಕೆ ನಾನೇ ಒಂದು ದಾರಿ ಮಾಡ್ತೀನಿ" ಅಂದರು.

"ಅಂದ್ರೆ ಬರಲ್ಲ ಅಂತ ತಾನೇ ಅತ್ತೆ?"

"ಬತ್ತೀನಿ ಅಂದ್ನಲ್ಲ."

"ಹೋದ್ ಸಲಾನೂ ಅಂದಿದ್ರಿ."

"ಓದ್ ಸಲ ಬೆಟ್ಟ. ಇದು ಸಮುದ್ರ." ಆಮೇಲೆ ಮಗಳ ಕಡೆ ತಿರುಗಿ ಕೇಳಿದರು, "ಅಲ್ವೇ, ಅಲ್ಲಿ ನೀರು ಅಷ್ಟೂ ಉಪ್ಪೇನಾ? ಒಂದ್ಕಡೆನಾದ್ರೂ ಸಿಹಿ ಇರಾಕಿಲ್ವಾ?"

"ಬಂದು ಕುಡ್ದು ನೋಡು" ಅಂದಳು ಮಗಳು.

ಅಂದು ಹಿತುಕಿದ ಬೇಳೆ ಸಾರು ಮಾಡಿದೆವು. ನಾಯಿಗೂ ಅದೇ.

ಆ ವಾರ ಅತ್ತೆ ಮಂಡಿ ನೋವಿಟ್ಟುಕೊಂಡು ಮತ್ತೆ ಮತ್ತೆ ಮೆಟ್ಟಿಲು ಹತ್ತಿದ್ದು ನನಗೆ ನೆನಪಿದೆ. ಯಾಕೆ ಅಂದರೆ, "ಬಟ್ಟೆ ಒಣಗ್ತಾ ನೋಡ್ಬಂದೆ" ಅನ್ನುವರು, "ಟ್ಯಾಂಕು ತುಂಬ್ತಾ ನೋಡ್ಬಂದೆ" ಅನ್ನುವರು. ವಾರ ಕಳೆಯುವ ಮೊದಲೇ ಒಂದು ಬೆಳಿಗ್ಗೆ ಹಿತ್ತಲ ನೀರೊಲೆಯ ಮುಂದೆ ಕೂತವರು ಹಾಗೇ ಗೋಡೆಗೆ ಒರಗಿದ್ದರು. ನೀರು ಕಾದಿದೆಯೇ ಎಂದು ನಾನು ಕೇಳಿದೆ. ನಾಯಿ ಅವರ ಪಾದದ ಮೇಲೆ ತಲೆ ಇಟ್ಟುಕೊಂಡು ಮಲಗಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರು.

ಆ ವರ್ಷ ನಾವೆಲ್ಲಿಗೂ ಹೋಗಲಿಲ್ಲ. ನಾಯಿ ನೀರೊಲೆಯ ಹತ್ತಿರವೇ ಮಲಗುವುದನ್ನು ರೂಢಿ ಮಾಡಿಕೊಂಡಿತು. ನಾನು ಅತ್ತೆಯ ಹಾಗೆಯೇ ಮುದ್ದೆ ಮುರಿದು ಕಲ್ಲಿನ ಮೇಲೆ ಇಡುತ್ತಿದ್ದೆ. ಮೊದಮೊದಲು ಮೂಸಿ ನೋಡಿ, ನನ್ನ ಹಿಂದೆ ಇನ್ನೂ ಯಾರಾದರೂ ಬರುತ್ತಾರೆಯೇ ಎಂದು ನೋಡುತ್ತಿತ್ತು. ಆಮೇಲೆ ತಿನ್ನತೊಡಗಿತು.

ವರ್ಷದ ತಿಥಿ ಮುಗಿದು ಮತ್ತೆ ಅವರೆಕಾಯಿ ಕಾಲ ಬಂದಾಗ ನನ್ನ ಗಂಡ ತಾವಾಗಿಯೇ ಮಾತು ತೆಗೆದರು. "ಮುರುಡೇಶ್ವರಕ್ಕೆ ಹೋಗ್ಬರೋಣ. ಅವ್ವನೂ ಬರ್ತೀನಿ ಅಂದಿದ್ಲಲ್ಲ."

"ಅಂದಿದ್ರು" ಅಂದೆ. ಅಂದಿದ್ದು ನಿಜವೋ, ನನ್ನ ಬಾಯಿ ಮುಚ್ಚಿಸಲು ಅಂದಿದ್ದೋ ಎನ್ನುವುದು ವರ್ಷವಿಡೀ ನನ್ನೊಳಗಿತ್ತು. ಬರುವ ಮನಸ್ಸೇ ಇಲ್ಲದವರನ್ನು ಅವರ ಕೊನೆಯ ವಾರದಲ್ಲಿ ಪೀಡಿಸಿದೆನೇ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಇದನ್ನು ಯಾರ ಹತ್ತಿರ ಕೇಳುವುದು?

ಈ ಸಲ ನಾಯಿಯ ವಿಷಯ ನಾನೇ ತೀರ್ಮಾನ ಮಾಡಬೇಕಾಯಿತು. ಅದಕ್ಕೆ ಈಗ ವಯಸ್ಸಾಗಿತ್ತು. ಹಾಸ್ಟೆಲ್ಲೂ ಬೇಡ, ಹುಂಜವೂ ಬೇಡ, ಅದರ ಕಲ್ಲು, ಅದರ ಒಲೆ ಇರುವ ಕಡೆಯೇ ಇರಲಿ ಎಂದುಕೊಂಡು ಮೊದಲ ಮಹಡಿಯ ಮೊದಲ ಮನೆಯ ಹೆಂಗಸಿಗೆ ಹೇಳಿದೆ. ಕಲಬುರಗಿ ಕಡೆಯವಳು, ಕ್ಯಾಂಟೀನಿನಲ್ಲಿ ರೊಟ್ಟಿ ಮಾಡುತ್ತಾಳೆ. ನಾನು ಕೇಳುವುದನ್ನೇ ಕಾಯುತ್ತಿದ್ದವಳ ಹಾಗೆ, "ನೀವ್ ಹೋಗ್ಬರ್ರಿ ಅಕ್ಕ, ನಾ ಅದೀನಲ್ಲ" ಅಂದಳು. ಮುದ್ದೆ ಆರಿಸಿ ಕಲ್ಲಿನ ಮೇಲೆ ಇಡಬೇಕು ಎಂದು ಶುರು ಮಾಡಿದರೆ, "ಗೊತ್ತದ ರೀ" ಎಂದು ನಕ್ಕಳು. ದಿನಾ ನೋಡುತ್ತಾಳೆ, ಗೊತ್ತಿರುತ್ತದೆ ಎಂದುಕೊಂಡೆ.

ಮುರುಡೇಶ್ವರದಲ್ಲಿ ದೇವರ ದರ್ಶನ ಮಾಡಿ ಮರಳಿನ ಮೇಲೆ ಕೂತಿದ್ದಾಗ ಅವಳ ಫೋನು ಬಂತು.

"ಅಕ್ಕಾ, ಅಂಜಬ್ಯಾಡ್ರಿ. ನಾಯಿ ವಾಂತಿ ಮಾಡ್ಕೊಂಡಿತ್ತು. ಡಾಕ್ಟರಿಗೆ ತೋರಿಸೀವಿ. ಈಗ ಆರಾಮ ಮಲಗ್ಯಾದ. ಹೊಟ್ಟಿ ಬಿರಿಯಂಗ ತಿಂದದಂತ ರೀ."

"ಏನ್ ಹಾಕಿದ್ರಿ?"

"ನಾ ಒಂದು ಮುದ್ದಿ ಹಾಕೀನಿ ಅಷ್ಟೇ! ಈ ಮ್ಯಾಲಿನ ಹುಡುಗರನ್ನ ಕೇಳ್ರಿ ನೀವು."

ಹಿಂದೆ ಗಲಾಟೆ ಕೇಳಿಸುತ್ತಿತ್ತು. ಅವಳು ಸ್ಪೀಕರ್ ಹಾಕಿದಳೆಂದು ಕಾಣುತ್ತದೆ. ಮೇಲಿನ ಮಹಡಿಯಲ್ಲಿರುವ ಕುಂದಾಪುರ ಕಡೆಯ ಹುಡುಗನ ದನಿ ಬಂತು.

"ಆಂಟಿ, ನಾನು ಎಗ್ ರೈಸ್ ಹಾಕಿದ್ದೆ. ಅಜ್ಜಿ ನಂಗೇ ಹೇಳಿದ್ರಲ್ಲ, ಅದಕ್ಕೆ."

"ಯಾವ ಅಜ್ಜಿ?"

"ನಿಮ್ಮ ಅಜ್ಜಿನೇ ಆಂಟಿ. ಹೋದ್ವರ್ಷ ರೂಮಿಗೇ ಬಂದಿದ್ರು. ಮನೆಯವರೆಲ್ಲ ಊರಿಗೆ ಹೋದಾಗ ನಾಯಿ ನಿನ್ನ ಜವಾಬ್ದಾರಿ, ನಿಂಗೊಬ್ಬನಿಗೇ ಹೇಳಿರೋದು, ಯಾರ ಹತ್ರಾನೂ ಬಾಯ್ಬಿಡಬೇಡ ಅಂದ್ರು."

"ಏ, ನನಗೂ ಹಂಗೇ ಅಂದಾರೋ ಮಾರಾಯ! ನಿನ್ನೊಬ್ಬಾಕಿನ್ನೇ ನಂಬೀನಿ ಅಂದ್ರು!"

"ನಂಗೂ ಹೇಳಿದ್ರು" ಎಂದು ಇನ್ನೊಂದು ದನಿ. "ನಾನು ಡ್ಯೂಟಿಯಿಂದ ಬಂದು ಹಾಲನ್ನ ಇಟ್ಟೆ. ನಾಯಿ ಬೇಡ ಅನ್ಲಿಲ್ಲ" ಎಂದು ಮತ್ತೊಂದು. ಅಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ನಗತೊಡಗಿದರು.

ನನಗೆ ಆಗ ಅರ್ಥವಾಯಿತು. ನಮ್ಮ ನೀರಿನ ಮೋಟಾರಿನ ವಿಷಯದಲ್ಲಿ ಅತ್ತೆ ಮಾಡುತ್ತಿದ್ದದ್ದೂ ಇದನ್ನೇ. ಟ್ಯಾಂಕು ತುಂಬಿದಾಗ ಯಾರಾದರೂ ಆಫ್ ಮಾಡಿ ಎಂದು ಎಲ್ಲರಿಗೂ ಹೇಳಿದರೆ ಯಾರೂ ಮಾಡುತ್ತಿರಲಿಲ್ಲ, ನೀರು ರಸ್ತೆಗೆ ಹರಿಯುತ್ತಿತ್ತು. ಒಬ್ಬರನ್ನೇ ಕರೆದು ಗುಟ್ಟಾಗಿ ಹೇಳಿದರೆ ಅವರು ಮರೆಯುತ್ತಿರಲಿಲ್ಲ. ಆದರೆ ನಾಯಿಯ ವಿಷಯದಲ್ಲಿ ಒಬ್ಬರ ಮೇಲೆ ಬಿಡಲು ಅವರಿಗೆ ಧೈರ್ಯ ಬಂದಿರಲಿಕ್ಕಿಲ್ಲ. ಯಾರಿಗೆ ಯಾವಾಗ ಡ್ಯೂಟಿಯೋ. ಹಾಗಾಗಿ ಎಲ್ಲರಿಗೂ ಒಬ್ಬೊಬ್ಬರಿಗೇ ಗುಟ್ಟಾಗಿ ಹೇಳಿದ್ದರು. ಅವರೆಲ್ಲ ಆ ಗುಟ್ಟನ್ನು, ಹೇಳಿದವರು ಹೋದ ಮೇಲೂ, ಹಾಗೇ ಇಟ್ಟುಕೊಂಡಿದ್ದರು. ಮನೆಯವರೆಲ್ಲ ಊರಿಗೆ ಹೋದದ್ದು ಇದೇ ಮೊದಲು.

ಕುಂದಾಪುರದ ಹುಡುಗ ಫೋನನ್ನು ಕೈಗೆ ತೆಗೆದುಕೊಂಡಿದ್ದ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ನೀವೀಗ ಕಡಲ ಹತ್ರನೇ ಇದ್ದೀರಾ?"

"ಹೂಂ."

"ಅಜ್ಜಿ ಅವತ್ತು ನನ್ನ ಹತ್ರ ಎಷ್ಟೊತ್ತು ಕೂತಿದ್ರು ಗೊತ್ತಾ? ಆ ಕಡೆಯವನು ಅಂತ. ನೀರಿಗೆ ಚಪ್ಪಲಿ ಹಾಕ್ಕೊಂಡು ಇಳೀಬಹುದಾ, ಬಿಟ್ಟು ಇಳಿದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರಾ, ಸೀರೆ ಒದ್ದೆಯಾದ್ರೆ ಉಪ್ಪು ಕೂತ್ಕೊಳ್ಳತ್ತಾ ಅಂತೆಲ್ಲ ಕೇಳಿದ್ರು. ನೂಲಿನ ಸೀರೆನೇ ಉಟ್ಕೊಳ್ಳಿ ಅಜ್ಜಿ ಅಂದಿದ್ದೆ."

ನಾನು ಆಯಿತಪ್ಪ ಎಂದು ಫೋನು ಇಟ್ಟೆ. ನನ್ನ ಗಂಡ ಏನೆಂದು ಕೇಳಿದರು. ನಾಯಿಗೆ ಹೊಟ್ಟೆ ಕೆಟ್ಟಿತ್ತಂತೆ, ಈಗ ಸರಿಹೋಗಿದೆ ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಅವರು ಎದ್ದು ಪ್ಯಾಂಟು ಮಡಚಿಕೊಂಡು ನೀರಿನ ಕಡೆ ಹೋದರು. ಅವರ ಹಿಂದೆ ನಾನೂ ಹೋದೆ.

ನನ್ನ ಅನುಮಾನ ಅಲ್ಲಿಗೆ ಮುಗಿಯಿತು. ಅದರಿಂದ ಸಮಾಧಾನವಾಯಿತೇ ಎಂದರೆ, ಆಯಿತು. ಅವರನ್ನು ನಾನು ಪೀಡಿಸಿರಲಿಲ್ಲ. ಅವರು ಹೊರಟೇ ಇದ್ದರು. ಆದರೆ ಬರಲು ಇಷ್ಟವಿಲ್ಲದವರು ಬರಲಿಲ್ಲ ಎಂದುಕೊಳ್ಳುವುದು ಸುಲಭವಾಗಿತ್ತು. ಸೀರೆ ಯಾವುದೆಂದು ಯೋಚಿಸಿದ್ದವರು ಬರಲಿಲ್ಲ ಎನ್ನುವುದು ಅಷ್ಟು ಸುಲಭವಲ್ಲ. ಮಗಳು ಬಗ್ಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡು ನಾಲಿಗೆಗೆ ಮುಟ್ಟಿಸಿ ಉಗುಳಿದಳು. ಸ್ವಲ್ಪ ಆಚೆ ಹೋಗಿ ಇನ್ನೊಂದು ಕಡೆಯೂ ನೋಡಿದಳು. ಅಲ್ಲೂ ಉಗುಳಿದಳು.

ವಾಪಸು ಬಂದಾಗ ಗೇಟಿನ ಚಿಲಕವನ್ನು ನಾನೇ ತೆಗೆದೆ. ನಾಯಿ ಸೊರಗಿದ ಮುಖ ಮಾಡಿಕೊಂಡು, ದಪ್ಪ ಹೊಟ್ಟೆಯೊಂದಿಗೆ ನಿಧಾನವಾಗಿ ಎದ್ದು ಬಂತು. ಕಲಬುರಗಿಯವಳು ಮೇಲಿನಿಂದ ಬಗ್ಗಿ, "ಇವತ್ತ ಬರೇ ಮಜ್ಜಿಗಿ ಅನ್ನ ಅಕ್ಕ, ಮತ್ತೇನೂ ಹಾಕಬ್ಯಾಡ್ರಿ" ಅಂದಳು. ಇನ್ನು ಮುಂದೆ ಯಾವ ದಿನ ಯಾರು ಹಾಕಬೇಕೆಂದು ಅವರವರೇ ಮಾತಾಡಿಕೊಂಡಿದ್ದಾರಂತೆ. ನಾವು ಎಲ್ಲಿಗೆ ಬೇಕಾದರೂ ಹೋಗಬಹುದು.

ಚೀಲಗಳನ್ನು ಇಳಿಸಿದೆವು. ನಾಯಿ ನಮ್ಮ ಕಾಲುಗಳನ್ನು ಮೂಸಿತು, ಮರಳಿನ ವಾಸನೆ ಇದ್ದಿರಬೇಕು. ಮನೆಯ ಬಾಗಿಲು ತೆಗೆದು ಮೂವರೂ ಒಳಗೆ ಹೋಗಿ ನಮ್ಮ ನಮ್ಮ ಕೆಲಸಕ್ಕೆ ತೊಡಗಿದೆವು. ಸಮುದ್ರದ ನೀರು ಎಲ್ಲ ಕಡೆಯೂ ಉಪ್ಪೇ. ಏನೇನು ನೋಡಿದಿರಿ ಎಂದು ಕೇಳಲು ಮನೆಯಲ್ಲಿ ಯಾರೂ ಇಲ್ಲ.