ಮನೆಗೊಂದು ಅರ್ಧ ಕಜ್ಜಾಯ

ಮಹಾಬಲೇಶ್ವರ ಅವರಿಗೆ ಡಾಕ್ಟರು ಹೇಳಿದ್ದು ಇಷ್ಟೇ: ಸಕ್ಕರೆ ಏರಿದೆ, ಕಣ್ಣಿಗೆ ತೊಂದರೆಯಾಗಬಹುದು, ಸಿಹಿ ಮಿತವಾಗಿರಲಿ. ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ಅವರ ಮನೆ. ಹಳ್ಳಿಗಳಿಗೆ ನೀರು ಒದಗಿಸುವ ಸಂಸ್ಥೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸ. ಕಣ್ಣು ಹೋದರೆ ಅವರ ಬದುಕೇ ಹೋದಂತೆ. ಆದರೂ ಸಿಕ್ಕವರಿಗೆಲ್ಲ, "ಬಿಟ್ಬಿಡಿ ಅಂದಿಲ್ಲ ಕಣ್ರೀ, ಮಿತವಾಗಿ ಅಂದಿದಾರೆ!" ಎಂದು ಹಿಗ್ಗಿನಿಂದ ಹೇಳಿಕೊಂಡು ಓಡಾಡಿದರು.

ದೀಪಾವಳಿಗೆ ನೈರೋಬಿಯ ಕನ್ನಡದವರು ಒಬ್ಬರ ಮನೆಗೊಬ್ಬರು ಹೋಗುತ್ತೇವೆ. ಬಾಯಿ ಸಿಹಿ ಮಾಡದೆ ಯಾರನ್ನೂ ಕಳಿಸುವುದಿಲ್ಲ. ಈ ಸಲ ಅವರು ಮಗಳು ಜಾಹ್ನವಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಲಂಗಾಟಾದ ನಮ್ಮ ಮನೆಗೆ ಬಂದಾಗ ಸಂಜೆ ಐದಾಗಿತ್ತು. ಜಕರಂಡ ಹೂ ಉದುರಿ ಅಂಗಳವೆಲ್ಲ ನೇರಳೆ. ಗಾಳಿಗೂ ಜೊಂಪು ಹತ್ತಿದಂತಿತ್ತು. ನಾನು ಒಂದು ಕಜ್ಜಾಯವನ್ನು ಸರಿಯಾಗಿ ಅರ್ಧ ಮುರಿದು ಕೊಟ್ಟೆ. ನನ್ನ ಶಿಸ್ತಿಗೆ ನಾನೇ ಬೀಗಿದೆ ಕೂಡ.

ಅವರು ಅದನ್ನು ಮೆಲ್ಲಗೆ ತಿನ್ನುತ್ತ ಮರದ ಕಡೆ ನೋಡಿದರು. "ಎಷ್ಟು ಚೆನ್ನಾಗಿ ಮಂಜು ಬಿದ್ದಿದೆ ಅಲ್ವಾ ಗಿರಿಜಾ ಅವರೇ? ಹೂವು, ಆಕಾಶ ಎಲ್ಲ ಒಂದರಲ್ಲೊಂದು ಕರಗಿ ಹೋಗಿದೆ. ಬೆಳಗ್ಗೆಯಿಂದ ಕನಸಲ್ಲಿ ಓಡಾಡ್ತಿರೋ ಹಾಗಿದೆ."

ಆ ಮಾತಿಗೆ ನಾನು ಮರುಳಾದೆ. ಮಂಜನ್ನು ಹುಡುಕುತ್ತ ಸುಮ್ಮನೆ ಆಕಾಶ ನೋಡಿದೆ. ಬಿಸಿಲು ನಿಚ್ಚಳವಾಗಿತ್ತು.

"ಮಂಜು ಎಲ್ಲಿದೆ ಅಪ್ಪಾ?" ಎಂದಳು ಮರದ ಕೆಳಗಿದ್ದ ಜಾಹ್ನವಿ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅವತ್ತು ಕನ್ನಡದಲ್ಲಿ ಕೇಳಿದಳು.

ಆಗ ನನಗೆ ಹೊಳೆಯಿತು. ಈ ಕಣ್ಣಲ್ಲೇ ಮಗುವನ್ನು ಕೂರಿಸಿಕೊಂಡು ಕಾರು ಓಡಿಸಿದ್ದಾರೆ ಮಹಾರಾಯರು! "ಇವತ್ತು ಎಷ್ಟು ಮನೆಗೆ ಹೋಗಿದ್ರಿ?"

"ನಿಮ್ಮದು ಏಳನೇದು. ಎಲ್ಲ ಕಡೆ ಅರ್ಧಾನೇ ರೀ, ಒಂದು ಚೂರೂ ಹೆಚ್ಚಿಲ್ಲ."

ಬೈಯಲು ಬಾಯಿ ತೆರೆದೆ. ಆದರೆ ಏಳು ಮನೆಯವರೂ ಡಾಕ್ಟರ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದೆವು. ಯಾರನ್ನು ಬೈಯಲಿ?

"ಕಾರಿನ ಕೀ ಕೊಡಿ. ಈಗಲೇ ಆಸ್ಪತ್ರೆಗೆ ಹೋಗೋಣ" ಎಂದೆ.

ಅವರು ನಗುತ್ತಲೇ ಎದ್ದರು. ಎರಡು ಹೆಜ್ಜೆ ಇಟ್ಟು ನಿಂತರು. ನಗು ಮೆಲ್ಲಗೆ ಇಳಿಯಿತು. ನೇರಳೆ ಲಂಗ ತೊಟ್ಟ ಮಗಳು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು.

"ಜಾನೂ," ಎಂದು ಕರೆದರು, "ಎಲ್ಲಿದೀಯಮ್ಮಾ?"