ಮೂರು ಗಂಟೆಗೆ ಮುಗಿಯುವ ಸಮುದ್ರ

ಆಲೂರು ಕಡೆಯ ಕಾಫಿ ಬೆಳೆಗಾರರಾದ ನಾವು ಕರಾವಳಿಯನ್ನು ನೋಡಿರುವುದೆಲ್ಲ ಮಟಮಟ ಮಧ್ಯಾಹ್ನದಲ್ಲೇ. ಕೊಯ್ಲು ಮುಗಿದ ಮೇಲೆ ವರ್ಷಕ್ಕೊಮ್ಮೆ, ಕೋಳಿ ಕೂಗುವ ಮೊದಲೇ ಹೊರಟು ಶಿರಾಡಿ ಘಾಟಿ ಇಳಿಯುತ್ತೇವೆ. ದೇವಸ್ಥಾನ, ಬುತ್ತಿ, ಬೀಚು ಎಲ್ಲವನ್ನೂ ಅವಸರದಲ್ಲಿ ಮುಗಿಸಿ ಮೂರು ಗಂಟೆಗೆ ಕಾರು ಹತ್ತುತ್ತೇವೆ. ಕಾರಣ ಆನೆ. ಕತ್ತಲಾದ ಮೇಲೆ ನಮ್ಮ ತೋಟದ ದಾರಿ ನಮ್ಮದಲ್ಲ, ಅವುಗಳದ್ದು. ಈ ನಿಯಮವನ್ನು ನನ್ನ ಗಂಡ ಪಾಲಿಸುವ ರೀತಿ ನೋಡಿದರೆ, ಆನೆಗಳೇ ಇವರನ್ನು ಸಂಬಳಕ್ಕಿಟ್ಟುಕೊಂಡಿವೆ ಅನ್ನಬೇಕು.

ನನ್ನ ಅತ್ತೆಗೆ ಇದ್ದದ್ದು ಒಂದೇ ಆಸೆ, ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ನೋಡಬೇಕು ಅಂತ. ಅವರ ತವರು ಹೆತ್ತೂರಿನ ಕಡೆ. ಹುಡುಗಿಯಾಗಿದ್ದಾಗ ಗುಡ್ಡದ ಮೇಲೆ ದನ ಕಾಯುತ್ತಾ, ಸೂರ್ಯ ಬೆಟ್ಟಗಳಾಚೆ ಇಳಿಯುವುದನ್ನು ನೋಡಿ ಬೆಳೆದವರು. ಆಚೆ ಇರುವುದು ಸಮುದ್ರ ಎಂದು ದೊಡ್ಡವರು ಹೇಳುತ್ತಿದ್ದರಂತೆ. ಈಗ ಎಪ್ಪತ್ತು ದಾಟಿದೆ, ಮಂಡಿ ಮಾತು ಕೇಳುವುದಿಲ್ಲ. ಈ ಸಲ ಕಾರು ಹತ್ತುವಾಗ, "ಇನ್ನೊಂದ್ಸಲ ನನ್ ಕೈಲಿ ಬರಕ್ಕಾಗಲ್ಲ ಕಣೆ" ಎಂದು ನನ್ನ ಕಿವಿಯಲ್ಲಿ ಹೇಳಿದ್ದರು.

ಮಾರನಹಳ್ಳಿಯವರೆಗೆ ಸ್ವೆಟರು, ಘಾಟಿ ಇಳಿದ ಮೇಲೆ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುವುದು. ಸೋಮೇಶ್ವರದಲ್ಲಿ ಶಿವನಿಗೆ ಕೈಮುಗಿದು, ದೇವಸ್ಥಾನದ ಹಿಂದಿನ ಕಡಲ ದಂಡೆಯಲ್ಲಿ ನೆರಳು ಹುಡುಕಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿದೆವು. ಬಿಸಿಲಿಗೆ ಸಮುದ್ರ ಕಣ್ಣು ಕುಕ್ಕುತ್ತಿತ್ತು. ಅತ್ತೆ ರೊಟ್ಟಿ ತಿನ್ನುತ್ತಾ ಅದನ್ನೇ ನೋಡುತ್ತಿದ್ದರು. ಮೂರಾಗುತ್ತಿದ್ದಂತೆ ನನ್ನ ಗಂಡ ಕಾರಿನ ಬೀಗದ ಕೈ ಕುಣಿಸುತ್ತಾ ಎದ್ದರು.

"ಹೊರಡಾನ. ಕತ್ಲಾಗೋದ್ರೊಳಗೆ ಗೇಟ್ ಒಳಗಿರ್ಬೇಕು."

"ನಾನು ಏಳಲ್ಲ ಕಣ್ರೀ. ಅತ್ತೆ ಸೂರ್ಯ ಮುಳುಗೋದು ನೋಡ್ಬೇಕು. ರಾತ್ರಿ ದಾರೀಲೇ ಸಿಗೋ ಆನೇಮಹಲ್‌ನಲ್ಲಿ ನಿಮ್ಮಕ್ಕನ ಮನೇಲಿ ಇದ್ರೆ ಏನ್ ಕಷ್ಟ?"

"ತ್ವಾಟ ಬುಟ್ಟು ಹಂಗೆಲ್ಲ ಉಳಿಯಕ್ಕಾಯ್ತದಾ?" ಎಂದರು. ಅತ್ತೆ ಜಗಳ ಬೇಡವೆಂದು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಎತ್ತಿ ಬುತ್ತಿಯ ಚೀಲಕ್ಕೆ ತುರುಕಿ ಅದರ ಮೇಲೆ ಕೈಯಿಟ್ಟು ಕುಳಿತೆ.

ಅಷ್ಟರಲ್ಲಿ ಇವರ ಮೊಬೈಲಿಗೆ, ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ದಿನವೂ ಕಳಿಸುವ ಮೆಸೇಜು ಬಂತು. ಹಿಂಡು ನಮ್ಮ ಪಕ್ಕದ ತೋಟದಲ್ಲೇ ಇತ್ತು. ಇವರು ಗಾಬರಿಯಿಂದ ನಮ್ಮ ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು.

"ಬರ್ಲೇಬ್ಯಾಡಿ ಸಾರ್. ಗೇಟ್ ಎದ್ರಿಗೇ ಬಂದ್ಬುಟ್ಟವೆ, ಮರಿನೂ ಐತೆ. ಕಣದಾಗಿರೋ ಕಾಫಿಗೆ ಟಾರ್ಪಾಲು ಮುಚ್ಚಿ ನಾವೆಲ್ಲ ಆಳುಗಳ ಲೈನ್ ಮನೆ ಒಳಗೇ ಇದೀವಿ."

ಬಾಳೆ ಮುರಿದವು, ಬೇಲಿ ಕಿತ್ತವು ಎಂದು ವರ್ಷವಿಡೀ ಆನೆಗಳಿಗೆ ಶಾಪ ಹಾಕುವ ನನ್ನ ಅತ್ತೆ ಮರಳಿನ ಮೇಲೆ ಆರಾಮಾಗಿ ಕಾಲು ಚಾಚಿದರು. "ಪಾಪ, ನಿಂತ್ಕೊಳ್ಳಲಿ ಬುಡು. ಅವ್ಕೂ ಹೊಟ್ಟೆ ಐತೆ."

ನಾನು ನಕ್ಕು ನಕ್ಕು ಸುಸ್ತಾದೆ. ಇವರು ಮುಖ ಊದಿಸಿಕೊಂಡೇ ಅಕ್ಕನಿಗೆ ಫೋನ್ ಮಾಡಿ, ಆಮೇಲೆ ಮೂರು ಪೊಟ್ಟಣ ಚುರುಮುರಿ ತಂದರು. ಬಿಸಿಲು ಇಳಿದ ಮೇಲೆ ಅತ್ತೆ ಸೀರೆ ಎತ್ತಿ ಕಟ್ಟಿ ನನ್ನ ತೋಳು ಹಿಡಿದು ನೀರಿಗಿಳಿದರು. ಅಲೆ ಬಂದು ಕಾಲಡಿಯ ಮರಳು ಜಾರಿದಾಗಲೆಲ್ಲ ಮಕ್ಕಳಂತೆ ಕೇಕೆ ಹಾಕಿದರು. ಅಷ್ಟು ಖುಷಿಯಾಗಿದ್ದ ಅತ್ತೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ.

ಸೂರ್ಯ ನೀರಿಗೆ ತಾಗುವ ಹೊತ್ತಿಗೆ ನಾವಿಬ್ಬರೂ ದಂಡೆಗೆ ಬಂದು ಇವರ ಪಕ್ಕದಲ್ಲಿ ಕುಳಿತಿದ್ದೆವು. ಅತ್ತೆ ಕಣ್ಣು ಮಿಟುಕಿಸದೆ ನೋಡಿದರು. ಕೊನೆಯ ಕೆಂಪು ಗೆರೆಯೂ ಹೋದಾಗ ಕೈಮುಗಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಭುಜ ಹಿಡಿದು ಎದ್ದರು.

"ಆಯ್ತು ಕಣಪ್ಪ, ನೋಡ್ಬುಟ್ಟೆ. ಏಳು, ಕತ್ಲಾಯ್ತು."

ಇವರು ಏಳಲಿಲ್ಲ. ಸೂರ್ಯ ಹೋದ ಜಾಗವನ್ನೇ ನೋಡುತ್ತಿದ್ದರು.

"ಇನ್ನೊಂಚೂರು ಇರವ್ವ" ಎಂದರು.

ಪ್ರತಿ ಸಲ ನಮ್ಮನ್ನು ಎಬ್ಬಿಸಿ ಕಾರು ಹತ್ತಿಸುತ್ತಿದ್ದ ಈ ಮನುಷ್ಯನೂ ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ಒಮ್ಮೆಯೂ ನೋಡಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಅತ್ತೆ ಮಂಡಿ ಹಿಡಿದುಕೊಂಡು ಮಗನ ಪಕ್ಕದಲ್ಲಿ ಮತ್ತೆ ಕುಳಿತರು.