ನಕ್ಷೆಯಲ್ಲಿ ತೆಳ್ಳಗಾದ ರಸ್ತೆ

ಗೆರೆಯ ದಪ್ಪವೂ ಮಾತಾಡುತ್ತದೆ ಎಂದು ನನಗೆ ಕಲಿಸಿದವರೇ ಸರ್. ಮಣಿಪಾಲದಲ್ಲಿ ಓದುವಾಗ ಅವರು ನನ್ನ ಅಧ್ಯಾಪಕರು. ಆಮೇಲೆ ಅಲ್ಲೇ ನಕ್ಷೆ ತಯಾರಿಸುವ ಕಚೇರಿ ತೆರೆದಾಗ ಮೊದಲು ಕೆಲಸಕ್ಕೆ ಕರೆದದ್ದೂ ನನ್ನನ್ನೇ. ತಪ್ಪು ಬಣ್ಣ ಹಾಕಿದ ಹಾಳೆಯನ್ನು ಎಲ್ಲರೆದುರು ಹರಿದು ಹಾಕುತ್ತಿದ್ದರು. ಆ ಸಿಟ್ಟಿನ ಮೇಲೇ ನನಗೆ ನಂಬಿಕೆ.

ಎರಡು ವರ್ಷದ ಹಿಂದೆ, ಕಾಪು ಕಡೆಯಿಂದ ಶಂಕರಪುರದ ಮೇಲೆ ಹಾದುಹೋಗುವ ಹೊಸ ರಸ್ತೆಯೊಂದರ ನಕ್ಷೆಯ ಕೆಲಸ ನಮ್ಮ ಕೈಗೆ ಬಂತು. ಅದನ್ನು ಮನೆಮನೆಗೆ ಒಯ್ದು ತೋರಿಸಿ, ಆಕ್ಷೇಪವಿಲ್ಲ ಎಂದು ಸಹಿ ಪಡೆಯಬೇಕಿತ್ತು. ರಸ್ತೆ, ಅದರ ಎರಡೂ ಬದಿಗೆ ಬಿಡಬೇಕಾದ ಜಾಗ, ಎಲ್ಲ ಸೇರಿಸಿ ನಾನು ಅಗಲವಾದ ಕೆಂಪು ಪಟ್ಟಿ ಎಳೆದೆ. ಶಂಕರಪುರದಲ್ಲಿರುವ ನನ್ನ ಚಿಕ್ಕಮ್ಮನ ಮಲ್ಲಿಗೆ ತೋಟ ಪೂರ್ತಿ ಅದರೊಳಗೆ ಬಿತ್ತು. ನನ್ನನ್ನು ಸಾಕಿ ಓದಿಸಿದ ತೋಟ ಅದು. ಆದರೂ ಎಳೆದೆ. ಕಂಡರೆ ತಾನೇ ಅವರು ಬೇಡ ಎನ್ನಲು ಸಾಧ್ಯ?

"ಎಂತ ಮಾರಾಯ್ತಿ, ಇಷ್ಟು ಕೆಂಪು! ಜನ ಹೆದರುವುದಿಲ್ವಾ?" ಎಂದು ಸರ್ ನಕ್ಕರು. ಚಿಕ್ಕಮ್ಮನ ತೋಟ ಅದರಲ್ಲಿದೆ ಎಂದು ಹೇಳಿದೆ. "ಗೊತ್ತುಂಟು, ನಾನು ನೋಡಿಕೊಳ್ತೇನೆ" ಎಂದರು. ನೋಡಿಕೊಂಡರು, ಚೆನ್ನಾಗಿಯೇ ನೋಡಿಕೊಂಡರು.

ಮನೆಮನೆಗೆ ಹೋದ ನಕ್ಷೆ ನನ್ನ ಕಣ್ಣಿಗೆ ಬಿದ್ದದ್ದು ಸಹಿಗಳೆಲ್ಲ ಆದಮೇಲೆ. ಕೆಂಪು ಪಟ್ಟಿ ಮಾಯವಾಗಿತ್ತು. ರಸ್ತೆಯ ನಡುವನ್ನಷ್ಟೇ ತೋರಿಸುವ, ಬಾಳೆನಾರಿನಷ್ಟು ತೆಳ್ಳಗಿನ ಬೂದು ಗೆರೆಯೊಂದು ಚಿಕ್ಕಮ್ಮನ ಬೇಲಿಯ ಪಕ್ಕದಲ್ಲಿ ಹಾದುಹೋಗಿತ್ತು. ಸುತ್ತಲೂ ತಂಪಾದ ಹಸಿರು. ಬದಿಯ ಜಾಗವೂ ಸೇರಿದ ಪೂರ್ತಿ ಅಗಲವನ್ನು ಕೆಳಗಿನ ಮೂಲೆಯಲ್ಲಿ, ಕಣ್ಣಿಗೇ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದರು.

"ಒಂದಾದರೂ ಸುಳ್ಳು ಉಂಟಾ ಅದರಲ್ಲಿ?" ಎಂದು ಸರ್ ಕೇಳಿದರು. ಇರಲಿಲ್ಲ. ನನ್ನ ಹೊಟ್ಟೆ ಉರಿಸಿದ್ದು ಅದೇ. ಕಲಿಸಿದ ವಿದ್ಯೆಯನ್ನೇ ನನ್ನ ಮನೆಯವರ ಮೇಲೆ ಪ್ರಯೋಗಿಸಿದ್ದರು. ಕೆಲಸ ಬಿಟ್ಟೆ ಎಂದು ಎರಡು ಸಾಲು ಬರೆದು ಅವರ ಮೇಜಿನ ಮೇಲೆ ಎಸೆದು ಹೊರಟೆ.

ಸೀದಾ ಶಂಕರಪುರಕ್ಕೆ ಹೋದೆ. ಚಿಕ್ಕಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಬೆಳಗ್ಗೆ ಕೊಯ್ದ ಮೊಗ್ಗನ್ನು ಅರಳುವ ಮೊದಲು ಕಟ್ಟಿ ಕಳಿಸಬೇಕು; ಆ ಹೊತ್ತಿನಲ್ಲಿ ಯಾರು ಬಂದರೂ ಅಲ್ಲಿನ ಹೆಂಗಸರು ಕೈಕೆಲಸ ಬಿಡುವುದಿಲ್ಲ. ನಕ್ಷೆ ಹಿಡಿದವರು ಬಂದದ್ದೂ ಅದೇ ಹೊತ್ತಿಗೆ. ಗೊತ್ತಿದ್ದೇ ಬಂದಿರಬೇಕು. ತೋಟ ಪೂರ್ತಿ ಹೋಗುತ್ತದೆ ಎಂದು ಹೇಳಿದೆ. ಚಿಕ್ಕಮ್ಮನ ಬೆರಳುಗಳು ನಿಂತವು.

"ಸರಿಯಾಗಿ ನೋಡದೆ ಯಾಕೆ ಸಹಿ ಹಾಕಿದ್ರಿ ಚಿಕ್ಕಮ್ಮ?" ಎಂದು ರೇಗಿದೆ.

"ಕನ್ನಡಕ ಒಳಗೆ ಇತ್ತು. ಹೂ ಬಿಟ್ಟು ತರ್ಲಿಕ್ಕೆ ಎದ್ದಿದ್ದೆ" ಎಂದರು. "ಅಷ್ಟರಲ್ಲಿ ಅವರೊಟ್ಟಿಗೆ ಬಂದಿದ್ದ ನಿಮ್ಮ ಸರ್ ಹೇಳಿದ್ರು, ಇದು ನೀನೇ ಮಾಡಿದ ನಕ್ಷೆ ಅಂತ. ಮತ್ತೆ ಎಂತಕ್ಕೆ ನೋಡುವುದು ಅಂತ ಕೂತುಕೊಂಡೆ."